ಓವನ್ ಇಲ್ಲದ ಅಡುಗೆಮನೆಯಲ್ಲಿ ಹಂಚಿನ ಮಾಡಿನ ಗೋದಲಿ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಗೋದಲಿಯ, ಅಂದರೆ ಕ್ರಿಸ್‌ಮಸ್‌ಗೆ ಕಟ್ಟುವ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಮಾಡಿಗೆ (ಛಾವಣಿಗೆ) 112 ಹಂಚುಗಳು ಬೇಕಾದವು. ಒಂದೊಂದೂ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಎಲ್ಲವೂ ಗೇರುಬೀಜ ಮತ್ತು ಸಕ್ಕರೆಯಿಂದ ಮಾಡಿದವು. ಗೋಡೆಗೆ ಬಿಸ್ಕತ್ತು, ಗಾರೆಗೆ ಚಾಕಲೇಟು, ನೆಲದ ಮೇಲೆ ಹುಲ್ಲಿನ ಬದಲು ಹುರಿದ ಕೊಬ್ಬರಿ. ಬೇಯಿಸುವ ಓವನ್ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ, ಈಗಲೂ ಇಲ್ಲ. ಗ್ಯಾಸ್ ಒಲೆ, ಮಿಕ್ಸಿ ಮತ್ತು ಊಟದ ಮೇಜು, ಇಷ್ಟರಲ್ಲೇ ಎಲ್ಲವೂ ಆಗುತ್ತದೆ. ಆರು ವರ್ಷಗಳಿಂದ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಮಾಡುತ್ತಿದ್ದೇನೆ.

ನಾನು ಮದುವೆಯಾಗಿ ಮಂಗಳೂರಿನ ಕುಲಶೇಖರಕ್ಕೆ ಬಂದಾಗ ಅತ್ತೆ, ನಮ್ಮ ಕೊಂಕಣಿ ಮಾತಿನಲ್ಲಿ ಮಾಂಯ್, ಕ್ರಿಸ್‌ಮಸ್ ಕೇಕನ್ನು ದಪ್ಪ ತಳದ ಪಾತ್ರೆಯಲ್ಲಿ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಹಬ್ಬಕ್ಕೆ ಮುಂಚಿನ ಅಡ್ವೆಂಟ್ ಕಾಲದ ನಾಲ್ಕು ಭಾನುವಾರಗಳಲ್ಲಿ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಡಬ್ಬಗಳು ಒಂದೊಂದಾಗಿ ತುಂಬುತ್ತಿದ್ದವು. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ ಎಲ್ಲವೂ ಎಣ್ಣೆಯ ಬಾಣಲೆಯ ಕೆಲಸ. ಮಕ್ಕಳನ್ನು ಬಾಣಲೆಯ ಹತ್ತಿರ ಬಿಡುವಂತಿಲ್ಲ. ಹಿಟ್ಟನ್ನು ಬಾಚಣಿಗೆಯ ಮೇಲೆ ಸುರುಳಿ ಸುತ್ತಿ ಕಿಡಿಯೊ ಮಾಡಿಕೊಟ್ಟರೆ ಅಲ್ಲಿಗೆ ಅವರ ಪಾಲು ಮುಗಿಯಿತು. ನನ್ನ ಮಗಳು ಆರು ವರ್ಷದವಳಿದ್ದಾಗ, ಪೂರ್ತಿ ತನ್ನ ಕೈಯಿಂದಲೇ ಆಗುವ ಏನಾದರೂ ಬೇಕು ಎಂದು ಹಟ ಹಿಡಿದಳು. ಅಲ್ಲಿಂದ ಇದು ಶುರುವಾಯಿತು.

ಮೊದಲ ವರ್ಷ ಚಿತ್ರಗಳಲ್ಲಿ ಕಂಡ ಹಾಗೆ ಹಿಮ ಮುಚ್ಚಿದ ಮನೆಯನ್ನೇ ಕಟ್ಟಿದೆವು. ಬಿಸ್ಕತ್ತಿನ ಗೋಡೆ, ಸಕ್ಕರೆ ಪುಡಿಯ ಹಿಮ, ಮಾರ್ಷ್‌ಮೆಲೋ ಗೊಂಬೆ. 23ರ ರಾತ್ರಿ ಕಟ್ಟಿದ್ದು 24ರ ಮಧ್ಯಾಹ್ನಕ್ಕೆ ಸೊಂಟ ಬಗ್ಗಿಸಿ ಕುಳಿತಿತ್ತು. ಬಿಸ್ಕತ್ತು ಮೆತ್ತಗಾಗಿತ್ತು, ಸಕ್ಕರೆ ಪುಡಿ ಕರಗಿ ಅಂಟಾಗಿತ್ತು. ಮಗಳು ಅತ್ತಳು. ಸಕ್ಕರೆ ಗಾಳಿಯಿಂದ ನೀರು ಹೀರುತ್ತದೆ, ಸಮುದ್ರದ ಅಂಚಿನ ನಮ್ಮ ಊರಿನ ಗಾಳಿಯಲ್ಲಿ ನೀರಿಗೆ ಬರವಿಲ್ಲ. ಡಿಸೆಂಬರ್ ಬೆಳಗ್ಗೆ ಸ್ವಲ್ಪ ತಂಪಿದ್ದರೂ ಮಧ್ಯಾಹ್ನ ಸೆಖೆ 32-33 ಡಿಗ್ರಿಗೆ ಏರುತ್ತದೆ. ಚಳಿನಾಡಿನ ಅಡುಗೆಮನೆಗೆ ಬರೆದ ಅಳತೆ ಇಲ್ಲಿ ನಡೆಯುವುದಿಲ್ಲ. ಅದಲ್ಲದೆ, ಹಿಮವನ್ನೇ ನೋಡದ ನಮ್ಮ ಮಕ್ಕಳಿಗೆ ಹಿಮದ ಮನೆ ಯಾಕೆ ಎಂಬ ಪ್ರಶ್ನೆಯೂ ನನ್ನೊಳಗೆ ಎದ್ದಿತು. ಗೋದಲಿ ಎಂದರೆ ದನದ ಕೊಟ್ಟಿಗೆ. ನಮ್ಮ ಕಡೆಯ ಕೊಟ್ಟಿಗೆಯ ಮೇಲಿರುವುದು ಕೆಂಪು ಹಂಚು. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಊರು ಇದು. ಮಂಗಳೂರು ಹಂಚು ಎಂದು ಲೋಕವೆಲ್ಲ ಹೇಳುವಾಗ ನಮ್ಮ ಗೋದಲಿಗೆ ಬೇರೆ ಮಾಡು ಹುಡುಕುವುದೇಕೆ? 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸರು ಗೋದಲಿಯ ದೃಶ್ಯವನ್ನು ಏರ್ಪಡಿಸಿದಾಗಲೂ ಅಲ್ಲಿದ್ದದ್ದು ಅದೇ ಊರಿನ ಹುಲ್ಲು, ಅದೇ ಊರಿನ ದನ ಮತ್ತು ಕತ್ತೆ.

ಈಗ ಕೆಲಸಕ್ಕೆ ಬರುತ್ತೇನೆ.

ಚಾಕಲೇಟಿನಲ್ಲಿ ಎರಡು ಬಗೆ. ಕೊಕ್ಕೊ ಬೆಣ್ಣೆ ಇರುವುದು ಒಂದು, ಅದರ ಬದಲು ಸಸ್ಯಜನ್ಯ ಕೊಬ್ಬು ಇರುವ ಕಾಂಪೌಂಡ್ ಇನ್ನೊಂದು. ರುಚಿಯ ಮಾತು ಬಂದರೆ ಮೊದಲನೆಯದೇ ಮೇಲು. ನನ್ನ ತವರು ಪುತ್ತೂರಿನ ಕಡೆ. ಅಡಿಕೆ ತೋಟದ ನಡುವೆ ಕೊಕ್ಕೊ ಗಿಡಗಳ ನೆರಳಲ್ಲಿ ಬೆಳೆದವಳು ನಾನು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆ 1986ರಲ್ಲಿ ಅಲ್ಲಿಯೇ ಶುರುವಾಯಿತು. ಆ ಬೀಜದ ಮೇಲೆ ನನಗೆ ಪ್ರೀತಿ ಇದೆ. ಆದರೆ ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಹೊಳಪು ಮತ್ತು ಗಟ್ಟಿತನ ಬರಬೇಕಾದರೆ 45 ಡಿಗ್ರಿ ದಾಟಿಸಿ ಕರಗಿಸಬೇಕು, 27-28ಕ್ಕೆ ಇಳಿಸಬೇಕು, ಮತ್ತೆ 31-32ಕ್ಕೆ ಏರಿಸಬೇಕು. ಕೋಣೆಯೇ 32 ಡಿಗ್ರಿ ಇರುವಾಗ ಮಕ್ಕಳ ಜೊತೆ ಕೂತು ಅದನ್ನು ಮಾಡಲಾಗದು. ಆದ್ದರಿಂದ ಗೋಡೆಗೂ ಗಾರೆಗೂ ಕಾಂಪೌಂಡ್ ಚಾಕಲೇಟೇ ಸರಿ. ಕರಗಿಸಿ ಹಚ್ಚಿದರೆ ತಾನಾಗಿ ಗಟ್ಟಿಯಾಗುತ್ತದೆ. ಒಂದು ಮನೆಗೆ 400 ಗ್ರಾಂ ಸಾಕು.

ಕರಗಿಸುವಾಗ ಕೆಳಗಿನ ಪಾತ್ರೆಯ ನೀರು ಕುದಿಯಬಾರದು, ಮೇಲಿನ ಪಾತ್ರೆಯ ತಳಕ್ಕೆ ತಾಗಲೂಬಾರದು. ಎರಡನೆಯ ವರ್ಷ ಆಗಷ್ಟೇ ತೊಳೆದ ಮರದ ಸೌಟನ್ನು ಒರೆಸಿ ಇಳಿಸಿದ್ದೆ. ಮರ ಒಳಗೆ ಒದ್ದೆಯಿತ್ತು. ಎರಡು ಸುತ್ತು ತಿರುವುವಷ್ಟರಲ್ಲಿ ನುಣ್ಣಗೆ ಹರಿಯುತ್ತಿದ್ದ ಚಾಕಲೇಟು ಗದ್ದೆಯ ಮಣ್ಣಿನ ಹಾಗೆ ಹೆಂಟೆಗಟ್ಟಿತು. ಹಾಗಾದದ್ದನ್ನು ಗಾರೆಗೆ ಬಳಸಲಾಗುವುದಿಲ್ಲ, ಎಸೆಯಲೂ ಬೇಡ. ಬಿಸಿ ಹಾಲು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ತಿರುವಿದರೆ ಮತ್ತೆ ನುಣುಪಾಗುತ್ತದೆ. ಅದಕ್ಕೆ ಕೊಬ್ಬರಿ ಪುಡಿ ಕಲಸಿ ಉಂಡೆ ಕಟ್ಟಿದೆವು. ಅಂದಿನಿಂದ ಚಾಕಲೇಟಿಗೆ ನಾನು ಸ್ಟೀಲ್ ಚಮಚ ಮಾತ್ರ ಬಳಸುತ್ತೇನೆ.

ಇನ್ನು ಬಿಸ್ಕತ್ತು ಮೆತ್ತಗಾಗದಂತೆ ಮಾಡುವ ಉಪಾಯ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಕಾರವಾದದ್ದು ಇದು. ಆಯತಾಕಾರದ ಗ್ಲೂಕೋಸ್ ಬಿಸ್ಕತ್ತುಗಳನ್ನು ಪೊಟ್ಟಣ ಒಡೆದ ಕೂಡಲೇ, ಗೋಡೆ ಕಟ್ಟುವ ಮೊದಲೇ, ಒಂದೊಂದರ ಎರಡೂ ಮುಖಕ್ಕೆ ಮತ್ತು ಅಂಚುಗಳಿಗೆ ತೆಳ್ಳಗೆ ಚಾಕಲೇಟು ಸವರಿ ಬಟರ್ ಪೇಪರಿನ ಮೇಲೆ ಒಣಗಲು ಬಿಡಬೇಕು. ಕೊಬ್ಬಿನ ಪದರವನ್ನು ದಾಟಿ ತೇವ ಸುಲಭವಾಗಿ ಒಳಗೆ ಹೋಗುವುದಿಲ್ಲ. ಹೊರಗೋಡೆಗೆ ಬಿಳಿ ಚಾಕಲೇಟು ಸವರಿದರೆ ಸುಣ್ಣ ಬಳಿದ ಗೋಡೆಯಂತೆಯೇ ಕಾಣುತ್ತದೆ. ಚಿಕ್ಕ ಹೊಸ ಬ್ರಷ್ ಕೊಟ್ಟರೆ ಐದು ವರ್ಷದ ಮಗುವೂ ಈ ಕೆಲಸ ಮಾಡುತ್ತದೆ. ಹೀಗೆ ಮಾಡಿದ ಮನೆ ನಮ್ಮಲ್ಲಿ ಐದು ದಿನ ನೆಟ್ಟಗೆ ನಿಂತಿದೆ.

ಬೇಗ ಗಟ್ಟಿಯಾಗಲಿ ಎಂದು ಫ್ರಿಜ್‌ನಲ್ಲಿ ಇಡಬೇಡಿ. ಹೊರಗೆ ತೆಗೆದ ಮರುಕ್ಷಣ ಬೆವರುತ್ತದೆ. ಆ ನೀರಿಗೆ ಮೇಲ್ಮೈಯ ಸಕ್ಕರೆ ಕರಗಿ, ಒಣಗಿದ ಮೇಲೆ ಬೂಸಲು ಹಿಡಿದಂತೆ ಬಿಳಿ ಕಲೆ ಉಳಿಯುತ್ತದೆ. ಫ್ಯಾನ್ ಹಾಕಿ ಕಾಯಿರಿ. ಗೋಡೆಗಳನ್ನು ಜೋಡಿಸಲು ಬಟರ್ ಪೇಪರನ್ನು ಮೆಹಂದಿ ಕೋನಿನಂತೆ ಸುತ್ತಿ, ಚಾಕಲೇಟು ತುಂಬಿ, ತುದಿ ಕತ್ತರಿಸಿ ಬಳಸುತ್ತೇನೆ. ಎರಡು ಗೋಡೆ ಸೇರುವ ಮೂಲೆಗೆ ಒಳಗಿನಿಂದ ಎಳೆ ಎಳೆದು, ಲೋಟ ಆನಿಸಿ ಹತ್ತು ನಿಮಿಷ ಬಿಟ್ಟರೆ ಅಲುಗುವುದಿಲ್ಲ. ಮೊಟ್ಟೆಯ ಬಿಳಿಯ ಐಸಿಂಗ್ ಬಳಸುವವರಿದ್ದಾರೆ. ಹಸಿ ಮೊಟ್ಟೆಯನ್ನು ದಿನಗಟ್ಟಲೆ ಸೆಖೆಯಲ್ಲಿಟ್ಟು ಮಕ್ಕಳಿಗೆ ತಿನ್ನಿಸಲು ನನಗೆ ಮನಸ್ಸಿಲ್ಲ. ಇನ್ನೊಂದು ಕಾರಣವೂ ಇದೆ. ಕುಸ್ವಾರಿನ ತಟ್ಟೆಯ ಜೊತೆ ಈ ಮನೆಯ ಭಾಗಗಳೂ ನೆರೆಮನೆಗಳಿಗೆ ಹೋಗುತ್ತವೆ, ಅವರಲ್ಲಿ ಸಸ್ಯಾಹಾರಿಗಳು ಇದ್ದಾರೆ. ಮಾರ್ಷ್‌ಮೆಲೋವನ್ನು ಬಿಟ್ಟದ್ದೂ ಇದಕ್ಕೇ. ಸಾಮಾನ್ಯವಾಗಿ ಅದರಲ್ಲಿ ಪ್ರಾಣಿಜನ್ಯ ಜೆಲಾಟಿನ್ ಇರುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡದೆ ಯಾರ ಮನೆಗೂ ಏನನ್ನೂ ಕಳುಹಿಸಬಾರದು.

ಹಂಚಿನ ಹಿಟ್ಟು ನಮ್ಮ ಮಾರ್ಜಿಪಾನ್‌ನದೇ ಬಗೆ, ಮೊಟ್ಟೆಯ ಬಿಳಿ ಇಲ್ಲದ್ದು. ಗೇರುಬೀಜ ಇಡಿಯದು ಬೇಡ, ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ತುಂಡುಗಳೇ ಆಗುತ್ತದೆ. 250 ಗ್ರಾಂ ಬೀಜಕ್ಕೆ 175 ಗ್ರಾಂ ಸಕ್ಕರೆ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಡುತ್ತದೆ. ಜರಡಿ ಹಿಡಿಯಿರಿ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಒಂದೆಳೆ ಪಾಕ ಬಂದ ಕೂಡಲೇ ಪುಡಿ ಸುರಿದು, ಸಣ್ಣ ಉರಿಯಲ್ಲಿ ತಿರುವಿ, ಮುದ್ದೆ ಪಾತ್ರೆಯ ಬದಿ ಬಿಡುವಾಗ ಇಳಿಸಬೇಕು. ಕೈ ತಾಳುವಷ್ಟು ಆರಿದ ಮೇಲೆ ತುಪ್ಪ ಮುಟ್ಟಿಸಿ ನಾದಬೇಕು. ಮುದ್ದೆ ಪುಡಿಪುಡಿಯಾದರೆ ಒಂದು ಚಮಚ ಹಾಲು, ಅಂಟಿದರೆ ಮತ್ತೆ ಎರಡು ನಿಮಿಷ ಒಲೆಯ ಮೇಲೆ. ಹಂಚಿನ ಬಣ್ಣಕ್ಕೆ ಮೊದಲು ಬೀಟ್‌ರೂಟ್ ರಸ ಹಾಕಿ ನೋಡಿದೆ. ರಸದ ನೀರಿಗೆ ಹಿಟ್ಟು ಸಡಿಲವಾಯಿತು, ಹಂಚು ಜಾರಿತು. ಈಗ ಎರಡು ಚಮಚ ಕೊಕ್ಕೊ ಪುಡಿ ಮತ್ತು ಕಡ್ಡಿಯ ತುದಿಯಷ್ಟು ಕೆಂಪು ಜೆಲ್ ಬಣ್ಣ ಸೇರಿಸುತ್ತೇನೆ. ಮಳೆ ತಿಂದ ಹಳೆಯ ಹಂಚಿನ ಬಣ್ಣ ಸರಿಯಾಗಿ ಬರುತ್ತದೆ.

ಎರಡು ಬಟರ್ ಪೇಪರಿನ ನಡುವೆ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಒಂದೂವರೆ ಸೆಂಟಿಮೀಟರ್ ಅಗಲ, ಎರಡೂವರೆ ಉದ್ದದ ತುಂಡುಗಳಾಗಿ ಕತ್ತರಿಸುತ್ತೇವೆ. ಬಾಚಣಿಗೆಯ ಹಲ್ಲಿನಿಂದ ಪ್ರತಿ ತುಂಡಿನ ಮೇಲೆ ಉದ್ದಕ್ಕೆ ಎರಡು ಗೀರು. ಕಿಡಿಯೊಗೆ ಮೀಸಲಾದ ಅದೇ ಬಾಚಣಿಗೆ. ಮೊದಲ ಬಾರಿ ಮಗಳು ಮಾಡಿನ ನೆತ್ತಿಯಿಂದ ಹಂಚು ಅಂಟಿಸಲು ತೊಡಗಿದಳು. ನಾರು ತೆಗೆದು ಬೀನ್ಸ್ ಬಿಡಿಸುತ್ತ ಕುಳಿತಿದ್ದ ಮಾಂಯ್ ತಲೆಯೆತ್ತಿದರು. "ಕೆಳಗಿನಿಂದ ಹೊದಿಸು ಪುತಾ. ಮೇಲಿನಿಂದ ಹೊದಿಸಿದರೆ ಮಳೆ ಒಳಗೆ ಬರುತ್ತದೆ." ಆಮೇಲೆ ಅವರೇ ಕನ್ನಡಕ ತರಿಸಿಕೊಂಡು ಮೊದಲ ಸಾಲು ಹೊದಿಸಿದರು. ಒಂದು ಹಂಚಿನ ತಲೆಯ ಮೇಲೆ ಇನ್ನೊಂದರ ಪಾದ, ಸಾಲಿಗೆ ಎಂಟು, ಒಂದು ಇಳಿಜಾರಿಗೆ ಏಳು ಸಾಲು. ಅವರ ಬೆರಳುಗಳು ನಡುಗುತ್ತವೆ, ಹಂಚು ಮಾತ್ರ ನೂಲು ಹಿಡಿದಂತೆ ಕುಳಿತಿತ್ತು. ಎಳೆಯವಳಿದ್ದಾಗ ತವರಿನಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಮಾಡಿನ ಹಂಚುಗಳನ್ನು ಸರಿಪಡಿಸುವಾಗ ಕೆಳಗಿನಿಂದ ಹಂಚು ಎತ್ತಿ ಕೊಡುತ್ತಿದ್ದದ್ದು ತಾನೇ ಎಂದು ಆಗ ಹೇಳಿದರು. ಹತ್ತು ವರ್ಷ ಜೊತೆಗಿದ್ದರೂ ನನಗೆ ಅದು ತಿಳಿದಿರಲಿಲ್ಲ.

ಉಳಿದವೆಲ್ಲ ಸುಲಭ. ವೇಫರ್ ಕೊಳವೆಗೆ ಚಾಕಲೇಟು ಸವರಿದರೆ ಅಡಿಕೆ ಮರದ ಕಾಂಡ, ಹಸಿರು ಹಿಟ್ಟಿನ ಎಲೆಯಾಕಾರದ ತುಂಡುಗಳ ಅಂಚನ್ನು ಕತ್ತರಿಯಿಂದ ಸೀಳಿದರೆ ಸೋಗೆ. ಕೊಬ್ಬರಿ ತುರಿಯನ್ನು ತುಪ್ಪ ಹಾಕದೆ ಹೊಂಬಣ್ಣಕ್ಕೆ ಹುರಿದರೆ ಬೈಹುಲ್ಲು. ಕುರಿಗೆ ಉಪಾಯ ಕೊಟ್ಟವರು ಪಕ್ಕದ ಮನೆಯ ಅಕ್ಕ. ತುಳಸಿ ಪೂಜೆಗೆ ತಂದು ಉಳಿದಿದ್ದ ಹೊದಳನ್ನು (ಭತ್ತದ ಅರಳನ್ನು) ಡಬ್ಬದಲ್ಲಿ ತಂದು, "ಇದನ್ನು ಅಂಟಿಸಿ ನೋಡಿ" ಎಂದರು. ಗೇರುಬೀಜದ ಉಂಡೆಗೆ ಬಿಳಿ ಚಾಕಲೇಟು ಸವರಿ, ಆರುವ ಮೊದಲು ಹೊದಳಿನಲ್ಲಿ ಉರುಳಿಸಿದೆವು. ಉಣ್ಣೆ ಅಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಬಂದಿಲ್ಲ.

ನಕ್ಷತ್ರ ಒಂದಕ್ಕೇ ನಾನು ಸಕ್ಕರೆಯ ಗಾಜು ಮಾಡುವುದು. ಇದು ದೊಡ್ಡವರ ಕೆಲಸ, ಮಕ್ಕಳು ಆ ಹೊತ್ತು ಅಡುಗೆಮನೆಯ ಹೊರಗೆ. ಪಾಕ ಸುಮಾರು 150 ಡಿಗ್ರಿ ಮುಟ್ಟಬೇಕು. ತಣ್ಣೀರಿಗೆ ಹನಿ ಬಿಟ್ಟರೆ ಬಾಗದೆ ಟಕ್ಕೆಂದು ಮುರಿದರೆ ಹದ ಬಂತು. ತುಪ್ಪ ಸವರಿದ ಸ್ಟೀಲ್ ತಟ್ಟೆಯ ಮೇಲೆ ಚಮಚದಿಂದ ನಕ್ಷತ್ರ ಬರೆಯುತ್ತೇನೆ. ಹರಳುಗಟ್ಟದಿರಲು ಎರಡೇ ಹನಿ ನಿಂಬೆರಸ. ಹೆಚ್ಚು ಹಾಕಿದರೆ ಸಕ್ಕರೆಯ ಗುಣ ಬದಲಾಗಿ ತೇವವನ್ನು ಇನ್ನೂ ಬೇಗ ಎಳೆಯುತ್ತದೆ. ಹುರಿದ ಅಕ್ಕಿಯ ಗಂಟು ಇಟ್ಟ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಟ್ಟು, 24ರ ರಾತ್ರಿಯ ಪೂಜೆಗೆ ಚರ್ಚಿಗೆ ಹೊರಡುವ ಮೊದಲು ಮಾಡಿನ ತುದಿಗೆ ಅಂಟಿಸುತ್ತೇವೆ. ಒಂದು ರಾತ್ರಿಯ ಹೊಳಪು ಅದು. ಇರುವೆಗೆ ಹೆದರಿ ಇಡೀ ಗೋದಲಿಯನ್ನು ನೀರು ತುಂಬಿದ ಪರಾತದ ನಡುವೆ ಮಣೆಯ ಮೇಲೆ ಇಡುತ್ತೇನೆ.

ಬಾಲ ಯೇಸುವನ್ನು ಮಾತ್ರ ಸಿಹಿಯಲ್ಲಿ ಮಾಡುವುದಿಲ್ಲ. ಮಕ್ಕಳು ಕೇಳಿದ್ದರು. ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಮುರಿದು ತಿನ್ನುವಾಗ ಆ ಒಂದನ್ನು ಯಾರ ಬಾಯಿಗೆ ಕೊಡುವುದು? ಮಾಂಯ್ ಜೋಪಾನ ಮಾಡಿದ ಮಣ್ಣಿನ ಪುಟ್ಟ ಮೂರ್ತಿಯನ್ನೇ ಕೊಬ್ಬರಿಯ ಹುಲ್ಲಿನ ಮೇಲೆ, ಬಾಳೆಲೆಯ ತುಂಡು ಹಾಸಿ, ಮಲಗಿಸುತ್ತೇವೆ.

ಪಕ್ಕದ ಮನೆಯ ಅಕ್ಕನ ಮಗಳಿಗೆ ಈಗ ಒಂಬತ್ತು ವರ್ಷ. ಕಳೆದ ಬಾರಿ ಅವಳು, "ಆಂಟಿ, ನನ್ನ ಮನೆಗೆ ತುಳಸಿಕಟ್ಟೆ ಬೇಕು" ಎಂದು ತನ್ನದೇ ಒಂದು ಹಂಚಿನ ಮನೆ ಕಟ್ಟಿದಳು. ನಾಲ್ಕು ಬಿಸ್ಕತ್ತು ನಿಲ್ಲಿಸಿ ಕಟ್ಟೆ ಆಯಿತು. ಹಸಿರು ಹಿಟ್ಟನ್ನು ಚಹಾ ಸೋಸುವ ಜಾಲರಿಯಿಂದ ಒತ್ತಿ, ಹೊರಬಂದ ಎಳೆಗಳನ್ನು ಚಾಕುವಿನಿಂದ ಕೆರೆದು ಗಿಡ ಕೂರಿಸಿದೆವು. ಎರಡು ಮನೆಗಳೂ ಒಂದೇ ಪರಾತದಲ್ಲಿ ಅಕ್ಕಪಕ್ಕ ಇದ್ದವು. ಈ ವರ್ಷ ಅವಳ ಪಟ್ಟಿಯಲ್ಲಿ ಬಾವಿಯೂ ಇದೆ. ರಾಟೆಗೆ ಏನು ಬಳಸುವುದೆಂದು ಮಾಂಯ್ ಈಗಾಗಲೇ ಯೋಚಿಸುತ್ತಿದ್ದಾರೆ.