ಕೆಂಪು ನೆಲದ ಬಚ್ಚಲುಮನೆಗೆ ಗೋಡೆಯ ಬಣ್ಣ

ಮೈಸೂರಿನಲ್ಲಿರುವ ನಮ್ಮ ಅಜ್ಜನ ಮನೆಯ ಬಚ್ಚಲನ್ನು ಹೊಸದಾಗಿ ಮಾಡಿಸುವಾಗ ಎರಡನ್ನು ಮುಟ್ಟಬೇಡಿ ಅಂತ ಮೇಸ್ತ್ರಿಗೆ ಹೇಳಿದ್ದೆ: ರೆಡ್ ಆಕ್ಸೈಡ್ ನೆಲ, ಮೂಲೆಯ ತಾಮ್ರದ ಹಂಡೆ. ಮಿಕ್ಕಿದ್ದೆಲ್ಲ ಈ ಕಾಲದ್ದು. ಬಿಳಿ ಕಮೋಡು, ಕ್ರೋಮ್ ಶವರ್, ಅದರ ಸುತ್ತ ಏಳಡಿ ಟೈಲ್ಸು, ಗಾಜಿನ ಬಾಗಿಲು.

ಗೋಡೆಗೆ ಮಾತ್ರ ಎರಡು ಸಲ ಬಣ್ಣ ಹೊಡೆಸಬೇಕಾಯಿತು. ಮೊದಲ ಸಲ ಅಂಗಡಿಯವರ ಮಾತು ಕೇಳಿ ಅಚ್ಚ ಬಿಳಿ ತಂದೆ. ಬೆಳಗಿನ ಬಿಸಿಲು ನೆಲಕ್ಕೆ ಬಿದ್ದ ಕೂಡಲೇ ಗೋಡೆಯ ಕೆಳಗಿನ ಅರ್ಧ ಗುಲಾಬಿ. ರಾತ್ರಿ ಎಲ್‌ಇಡಿ ಹಾಕಿದರೆ ಅದೇ ಗೋಡೆ ನೀಲಿ, ಹಂಡೆ ಮಂಕು. ಹಾಗಾಗಿ ಹೇಳುತ್ತೇನೆ, ಶೇಡ್ ಕಾರ್ಡನ್ನು ಗೋಡೆಗೆ ಹಿಡಿದು ನೋಡುವ ಮೊದಲು ನೆಲಕ್ಕೆ ತಾಗಿಸಿ ನಿಲ್ಲಿಸಿ ನೋಡಿ. ಕೆಂಪು ನೆಲ ತನ್ನ ಬಣ್ಣವನ್ನು ಗೋಡೆಗೆ ಚೆಲ್ಲುತ್ತದೆ. ಹಸಿರಿನ ಎಳೆಯಿರುವ ಕೆನೆಬಿಳಿ ಆ ಗುಲಾಬಿಯನ್ನು ನುಂಗಿಕೊಳ್ಳುತ್ತದೆ, ತಾಮ್ರವನ್ನೂ ಎತ್ತಿ ತೋರಿಸುತ್ತದೆ. ಹಳದಿ ಹೆಚ್ಚಿದ ಕೆನೆ ಬೇಡ, ಪಕ್ಕದ ಬಿಳಿ ಕಮೋಡು ಎದ್ದು ಕಾಣುವುದರಿಂದ ಗೋಡೆ ಕೊಳೆಯಾದಂತೆ ತೋರುತ್ತದೆ.

ಎರಡಡಿ ಚೌಕದಲ್ಲಿ ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಬೆಳಿಗ್ಗೆ, ಸಂಜೆ, ದೀಪದಲ್ಲಿ ನೋಡಿ. ಬಲ್ಬನ್ನು ಅದಕ್ಕೂ ಮೊದಲೇ ಗೊತ್ತುಮಾಡಿಕೊಳ್ಳಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಾನು 6500 ಕೆಲ್ವಿನ್‌ನ ಬಿಳಿ ಬೆಳಕು ತೆಗೆಸಿ 3000ದ ಹಳದಿ ಬೆಳಕು ಹಾಕಿಸಿದೆ.

ಇನ್ನು ಬಣ್ಣದ ಜಾತಿ. ಹಳೇ ಗೋಡೆಗಳು ಸುಣ್ಣದ ಗಾರೆಯವು, ತೇವ ಹೀರಿ ಹೊರಗೆ ಬಿಡುತ್ತವೆ. ಮೊದಲ ಸಲ ಅವುಗಳ ಮೇಲೆ ಪುಟ್ಟಿ ಎಳೆದು ಹೊಳಪಿನ ಆಯಿಲ್ ಪೇಂಟ್ ಹೊಡೆದಿದ್ದರು. ಒಳಗಿನ ತೇವಕ್ಕೆ ದಾರಿಯಿಲ್ಲದೆ ಒಂದೇ ಮಳೆಗಾಲದಲ್ಲಿ ಗುಳ್ಳೆ ಎದ್ದು ಹಕ್ಕಳೆ ಬಿತ್ತು. ನೋಡಿ ಹೊಟ್ಟೆ ಉರಿಯಿತು. ನೀರು ಸಿಡಿಯದ ಹಳೇ ಗೋಡೆಗೆ ಸುಣ್ಣವೇ ಸರಿ, ಅದರ ಕ್ಷಾರಕ್ಕೆ ಬೂಷ್ಟೂ ಸುಲಭವಾಗಿ ಹಿಡಿಯುವುದಿಲ್ಲ. ತೆಳ್ಳಗೆ ಮೂರು ಕೋಟ್ ಹೊಡೆಯಿರಿ. ಹಸಿಯಿದ್ದಾಗ ಗೋಡೆ ಕಾಣುವಂತೆ ಇರುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ, ಗಾಬರಿ ಬೇಡ. ಸುಣ್ಣಕ್ಕೆ ಎಲ್ಲ ಬಣ್ಣದ ಪುಡಿಯೂ ಆಗದು, ಕೆಲವು ಬೇಗ ಬಿಳಿಚಿಕೊಳ್ಳುತ್ತವೆ. ಆಕ್ಸೈಡ್ ಪುಡಿ ಕೇಳಿ ತನ್ನಿ.

ನಮ್ಮಲ್ಲಿ ಒಂದು ಗೋಡೆ ಹೊಸ ಸಿಮೆಂಟಿನದು. ಅದಕ್ಕೆ ಕ್ಯೂರಿಂಗ್, ಅಂದರೆ ನೀರುಣಿಸುವುದು, ಮುಗಿದು ಚೆನ್ನಾಗಿ ಆರುವವರೆಗೆ, ನಾಲ್ಕು ವಾರವಾದರೂ, ಪೇಂಟರನ್ನು ಕರೆಯಬೇಡಿ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ಮಾರನೇ ದಿನ ತೆಗೆಯಿರಿ, ಒಳಗೆ ಬೆವರು ಕಂಡರೆ ಇನ್ನೂ ಕಾಯಿರಿ. ಆಮೇಲೆ ಸಿಮೆಂಟಿನ ಕ್ಷಾರ ತಡೆಯುವ ಪ್ರೈಮರ್ (ಬಣ್ಣಕ್ಕೂ ಮೊದಲಿನ ಕೋಟ್), ಅದರ ಮೇಲೆ ಬೂಷ್ಟು ತಡೆಯುವ ಸ್ಯಾಟಿನ್ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಮೆಲುಹೊಳಪಿನ ಪೇಂಟ್. ಎರಡು ಗೋಡೆಗೂ ಒಂದೇ ಬಣ್ಣ ಬೇಕೆಂದರೆ ಸುಣ್ಣವನ್ನು ಮೊದಲು ಹೊಡೆಸಿ. ಅದೇ ಸುಣ್ಣ ಬಳಿದ ರಟ್ಟಿನ ತುಂಡನ್ನು ಒಣಗಿಸಿ ಅಂಗಡಿಗೆ ಒಯ್ದರೆ ಮೆಷಿನ್ನಿನಲ್ಲಿ ಹೊಂದಿಸಿಕೊಡುತ್ತಾರೆ.

ಹಂಡೆಯ ಹಿಂದಿನ ಗೋಡೆಗೆ ವರ್ಷಗಟ್ಟಲೆ ಒಲೆಯ ಮಸಿ ಹಿಡಿದಿರುತ್ತದೆ. ಅದರ ಮೇಲೆ ಎಷ್ಟು ಕೋಟ್ ಹೊಡೆದರೂ ಕಂದು ಕಲೆ ಹೊರಗೆ ಬರುತ್ತದೆ. ಅಷ್ಟು ಜಾಗದ ಗಾರೆ ಕೆತ್ತಿಸಿ, ಸುಣ್ಣದ ಗಾರೆಯನ್ನೇ ಮತ್ತೆ ಹಚ್ಚಿಸಿ.