ಮನೆಯಲ್ಲಿ ಕೋವಿ ಇದೆಯೇ? ಮಕ್ಕಳಿಗೆ ಹೀಗೆ ಕಲಿಸಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇರುವುದು ಹೊಸದೇನಲ್ಲ. ಮಂಗ, ಹಂದಿಯ ಕಾಟ ಇರುವ ತನಕ ಅದೂ ಇರುತ್ತದೆ. ಅದೇ ಮನೆಯಲ್ಲಿ ಮಕ್ಕಳೂ ಓಡಾಡುತ್ತಿರುತ್ತಾರೆ. "ಏಯ್, ಕೋವಿ ಮುಟ್ಟಬೇಡ" ಎಂದು ಒಮ್ಮೆ ಗದರಿಸಿ, ಕಲಿಸಿದ್ದಾಯಿತು ಅಂದುಕೊಳ್ಳುವ ಅಪ್ಪಂದಿರನ್ನು ಊರೂರಲ್ಲಿ ನೋಡುತ್ತೇನೆ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಮೊದಲು ಕೋವಿಯ ವ್ಯವಸ್ಥೆ, ಆಮೇಲೆ ಮಕ್ಕಳ ಪಾಠ. ಈಡು, ಅಂದರೆ ಒಳಗೆ ತುಂಬಿದ ಮದ್ದುಗುಂಡು ತೆಗೆದು, ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ತೋಟಾಗಳನ್ನು, ಅಂದರೆ ಕಾಡತೂಸುಗಳನ್ನು, ಬೇರೆ ಕಡೆ ಇಟ್ಟು ಅಲ್ಲಿಗೂ ಬೀಗ ಹಾಕಿ. ಬೀಗದ ಕೈಯನ್ನು ದೇವರ ಗೂಡಿನಲ್ಲೋ ಕ್ಯಾಲೆಂಡರ್ ಹಿಂದಿನ ಮೊಳೆಯಲ್ಲೋ ಇಟ್ಟರೆ ಪ್ರಯೋಜನ ಇಲ್ಲ, ಮಕ್ಕಳಿಗೆ ಆ ಜಾಗ ಗೊತ್ತೇ ಇರುತ್ತದೆ. ಟ್ರಿಗರ್‌ಗೆ ಹಾಕುವ ಅಗ್ಗದ ನಂಬರ್ ಬೀಗಗಳನ್ನು ತರಬೇಡಿ. ಸಡಿಲವಾಗಿ ಕೂತರೆ ಸಂದಿಯಲ್ಲಿ ಕಡ್ಡಿ ತೂರಿಸಿ ಟ್ರಿಗರ್ ಒತ್ತಬಹುದು. ನಳಿಗೆ ಮಡಚಿ ತೋಟಾ ತುಂಬುವ ಕೋವಿಯಾದರೆ ನಳಿಗೆಯ ಕೆಳಗಿನ ಮರದ ತುಂಡು ಕಳಚಿ, ನಳಿಗೆಯನ್ನೂ ಬೇರೆ ಮಾಡಿ. ಆ ಮರದ ತುಂಡನ್ನು ಇನ್ನೊಂದು ಬೀಗದೊಳಗೆ ಇಡಿ. ಖರ್ಚಿಲ್ಲದ ಈ ಉಪಾಯವೇ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆಯದು.

ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಯಿಂದ ಮದ್ದು ಜಡಿದು, ಹಿಂದೆ ಕೇಪು ಎಂಬ ಸಣ್ಣ ಸಿಡಿಬಿಲ್ಲೆ ಕೂರಿಸಿ ಹಾರಿಸುವ ಕೋವಿ ಇರುವವರು ಮಾತ್ರ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೇಪು ತೆಗೆದ ಮೇಲೆ ಖಾಲಿ ಎಂದು ಹೇಳುತ್ತಾರೆ. ಖಾಲಿ ಅಲ್ಲ. ಮಸಿ ಎಂದರೆ ಕೋವಿಮದ್ದು, ಚರೆ ಎಂದರೆ ಸಣ್ಣ ಗುಂಡು, ಎರಡೂ ಒಳಗೇ ಇರುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕೇಪು ತೆಗೆದು, ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿದು, ಮಸಿ ಜಡಿಯುವ ಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಡಿ. ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗುರುತು ಹಾಕಿ. ಹೊರಗೆ ತೆಗೆದು ಅದೇ ಗುರುತನ್ನು ಬಾಯಿಗೆ ಸರಿಯಾಗಿ ನಳಿಗೆಯ ಪಕ್ಕ ಹಿಡಿಯಿರಿ. ಕಡ್ಡಿಯ ತುದಿ ಕೇಪು ಕೂರುವ ಜಾಗದ ಹತ್ತಿರ ಬರಬೇಕು. ಅದಕ್ಕಿಂತ ಮೊದಲೇ ನಿಂತರೆ ಒಳಗೆ ಈಡು ಇದೆ ಎಂದೇ ತಿಳಿಯಿರಿ. ರಾತ್ರಿ ಗದ್ದೆ ಕಾದು ಬಂದವರು ನಿದ್ದೆಗಣ್ಣಿನಲ್ಲಿ ಕೋವಿಯನ್ನು ಜಗಲಿಯ ಮೂಲೆಗೆ ಒರಗಿಸುವುದೂ ನಿಲ್ಲಬೇಕು. ಈಡು ತೆಗೆಯುವ ಕೆಲಸ ಅಂಗಳಕ್ಕೆ ಕಾಲಿಡುವ ಮೊದಲೇ ಆಗಲಿ.

ಮಕ್ಕಳಿಗೆ ಹೇಳಬೇಕಾದ ಮಾತು ನಾಲ್ಕೇ. ನಿಲ್ಲು. ಮುಟ್ಟಬೇಡ. ಅಲ್ಲಿಂದ ಹೊರಡು. ದೊಡ್ಡವರಿಗೆ ಹೇಳು. ಅಮೆರಿಕದಲ್ಲಿ 1988ರಿಂದ ಮಕ್ಕಳಿಗೆ ಹೇಳಿಕೊಡುತ್ತಿರುವುದೂ ಇದನ್ನೇ. ಬಾಯಿಪಾಠ ಮಾಡಿಸಲು ಒಂದು ಸಂಜೆ ಸಾಕು.

ಎಲ್ಲರೂ ಎಡವುವುದು ಇದರ ಮುಂದೆ. ಬಾಯಿಪಾಠ ಬಂದರೆ ನಡತೆ ಬಂತು ಅಂತಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ ವೈದ್ಯರು ನಡೆಸಿದ ಒಂದು ಪರೀಕ್ಷೆ 2001ರಲ್ಲಿ ಪ್ರಕಟವಾಯಿತು. 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟಿದ್ದರು. ಡ್ರಾಯರ್‌ನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು ಇತ್ತು. ಅದನ್ನು ಕಂಡ ಗುಂಪುಗಳಲ್ಲಿ ಹೆಚ್ಚಿನವು ಕೈಗೆತ್ತಿಕೊಂಡವು. ಹಾಗೆ ಹಿಡಿದ ಹುಡುಗರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಜನ, ಬಂದೂಕಿನ ಬಗ್ಗೆ ಮೊದಲೇ ಬುದ್ಧಿಮಾತು ಕೇಳಿದ್ದವರು! ದಡದಲ್ಲಿ ಕೂರಿಸಿ ಈಜು ವಿವರಿಸಿದರೆ ಮಗುವಿಗೆ ಈಜು ಬರುತ್ತದೆಯೇ? ಮಾಡಿಸಿಯೇ ಕಲಿಸಬೇಕು. ಹಾಗೆ ಕಲಿಸಿದಾಗ ಫಲ ಜಾಸ್ತಿ ಎಂಬುದು ಆಮೇಲಿನ ಪರೀಕ್ಷೆಗಳಲ್ಲೂ ಕಂಡಿದೆ.

ಅಭ್ಯಾಸಕ್ಕೆ ನಿಜವಾದ ಕೋವಿ ಬೇಡ, ಖಾಲಿ ಇದ್ದರೂ ಬೇಡ. ಹಾರಿಸಿದ ಖಾಲಿ ತೋಟಾ ಒಂದು ಸಾಕು. ನಮ್ಮ ಮಕ್ಕಳು ಅದನ್ನು ಹೆಕ್ಕಿ ಪೀಪಿ ಊದುತ್ತಾರೆ, ಚೀಲದಲ್ಲಿ ಕೂಡಿಡುತ್ತಾರೆ. ಈ ಆಟ ಇಂದಿಗೇ ನಿಲ್ಲಲಿ. ಖಾಲಿಯದನ್ನು ಹೆಕ್ಕುವ ಕೈ ನಾಳೆ ತುಂಬಿದ್ದನ್ನೂ ಹೆಕ್ಕುತ್ತದೆ.

ಖಾಲಿ ತೋಟಾವನ್ನು ಜಗಲಿಯ ಮೇಲಿಡಿ. ಮೊದಲು ನೀವೇ ಮಾಡಿ ತೋರಿಸಿ. ನಡೆದು ಬನ್ನಿ, ಕಂಡ ಕೂಡಲೇ ನಿಲ್ಲಿ, ಕೈ ಹಿಂದಕ್ಕೆ ಕಟ್ಟಿ, ತಿರುಗಿ ಹೋಗಿ ಅಡುಗೆಮನೆಯಲ್ಲಿ ಹೇಳಿ. ಈಗ ಮಗು ಮಾಡಲಿ. ಮಾತಲ್ಲಿ "ಆಮೇಲೆ ಹೀಗೆ ಮಾಡ್ತೇನೆ" ಅಂದರೆ ಸಾಲದು, ಕಾಲು ನಡೆಯಬೇಕು. ಎರಡು ದಿನ ಬಿಟ್ಟು, ಹೇಳದೆ, ಬೇರೆ ಕಡೆ ಇಡಿ. ಅಟ್ಟದ ಮೆಟ್ಟಿಲು, ಕೊಟ್ಟಿಗೆಯ ಗೋಡೆ, ಅಡಿಕೆ ಮೂಟೆಯ ಮೇಲೆ. ಮರೆಯಲ್ಲಿ ನಿಂತು ನೋಡಿ. ಮುಟ್ಟಿದರೆ ಬೈಯಬೇಡಿ. ಅಲ್ಲೇ ಕರೆದು ಮತ್ತೆ ಮೂರು ನಾಲ್ಕು ಸಲ ಮಾಡಿಸಿ. ಒಂಟಿಯಾಗಿದ್ದಾಗ ಸರಿಯಾಗಿ ನಡೆದ ಮಗು ಜೊತೆಗಾರರ ಎದುರು ಬದಲಾಗುತ್ತದೆ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಅಣ್ಣ ತಮ್ಮಂದಿರು ಬಂದಾಗ ಎಲ್ಲರನ್ನೂ ಸೇರಿಸಿ ಇನ್ನೊಮ್ಮೆ ಮಾಡಿಸಲೇಬೇಕು.

ಮಗು ಬಂದು "ಅಪ್ಪಯ್ಯಾ, ಅಲ್ಲಿ ತೋಟಾ ಬಿದ್ದಿದೆ" ಎಂದಾಗ ನೀವೇನು ಮಾಡುತ್ತೀರಿ ಎಂಬುದು ಇಡೀ ಪಾಠದಲ್ಲಿ ದೊಡ್ಡದು. "ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?" ಎಂದು ಕೇಳಿದಿರೋ, ಮುಗಿಯಿತು. ಮುಂದಿನ ಸಲ ಅದು ಹೇಳುವುದಿಲ್ಲ, ಕಿಸೆಗೆ ಹಾಕಿಕೊಳ್ಳುತ್ತದೆ. ಕೈಯಲ್ಲಿ ಏನೇ ಕೆಲಸ ಇದ್ದರೂ ಬಿಟ್ಟು ಏಳಿ. "ಒಳ್ಳೇದು ಮಾಡಿದೆ" ಅನ್ನಿ. ಜೊತೆಗೆ ಹೋಗಿ ತೆಗೆಯಿರಿ. ಅಜ್ಜ, ಅಜ್ಜಿ, ಕೆಲಸಕ್ಕೆ ಬರುವವರು ಎಲ್ಲರಿಗೂ ಈ ಮಾತು ಗೊತ್ತಿರಲಿ.

ಐದಾರು ವರ್ಷದೊಳಗಿನ ಮಕ್ಕಳನ್ನು ಯಾವ ಪಾಠವೂ ಕಾಯುವುದಿಲ್ಲ, ಅವರಿಗೆ ಬೀಗವೇ ಗತಿ.

ಇನ್ನು, ದೊಡ್ಡವರು ಎರಡು ವಿಷಯ ಬಿಡಬೇಕು. ಮಗುವಿನ ಕೈಗೆ ಕೋವಿ ಕೊಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆಯುವುದು ಒಂದು. "ಈಡು ಇಲ್ಲ ಬಿಡು" ಎನ್ನುವುದು ಇನ್ನೊಂದು. ಹದಿನೈದು ದಾಟಿದ ಮಗನನ್ನು ಕೋವಿ ಕೊಟ್ಟು ಮಂಗ ಓಡಿಸಲು ಕಳಿಸುವುದೂ ತಪ್ಪು. ಬೆಳೆ ರಕ್ಷಣೆಯ ಪರವಾನಗಿಗೆ 21 ವರ್ಷ ತುಂಬಿರಬೇಕು.

ಆಯುಧ ಪೂಜೆಯ ದಿನ, ಚುನಾವಣೆ ಮುಗಿದು ಠಾಣೆಯಿಂದ ಕೋವಿ ಮನೆಗೆ ವಾಪಸ್ ಬರುವ ದಿನ ಮಕ್ಕಳು ಅದರ ಸುತ್ತಲೇ ಇರುತ್ತಾರೆ. ಕುಂಕುಮ ಹಚ್ಚಿ ಮಂಗಳಾರತಿ ಆದ ಕೂಡಲೇ ಬೀರುವಿಗೆ ಹೋಗಲಿ, ಊಟ ಆಮೇಲೆ. ಕಾಡಂಚಿನಲ್ಲಿ ಹಂದಿಗೆಂದು ಕದ್ದು ಇಡುವ ಸಿಡಿಮದ್ದಿನ ಉಂಡೆ ಕಂಡರೂ ಅದೇ ನಾಲ್ಕು ಮಾತು ಎಂದು ಮಕ್ಕಳಿಗೆ ಹೇಳಿ. ಪರವಾನಗಿ ಬೇಡದ ಸಣ್ಣ ಏರ್‌ಗನ್ ತಂದಿದ್ದರೆ ಅದನ್ನೂ ಆಟಿಕೆಯ ಜೊತೆ ಬಿಡಬೇಡಿ. ಅದರ ಚರೆ ಬಿದ್ದರೆ ಕಣ್ಣೇ ಹೋಗುತ್ತದೆ. ಕೋವಿಯ ಬೀರುವಿನಲ್ಲೇ ಅದಕ್ಕೂ ಜಾಗ ಮಾಡಿ.