ಹತ್ತನೆಯ ತರಗತಿಯಲ್ಲಿ ಆಟವನ್ನೂ ಓದನ್ನೂ ಹೊಂದಿಸಿಕೊಳ್ಳುವ ಬಗೆ

ಚಿತ್ರದುರ್ಗ ಜಿಲ್ಲೆಯ ಅನೇಕ ಮನೆಗಳಲ್ಲಿ ಮಗು ಹತ್ತನೆಯ ತರಗತಿಗೆ ಬಂದೊಡನೆ "ಈ ವರ್ಷ ಆಟ ಬಿಡು" ಎಂಬ ಮಾತು ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಖೊಖೊ, ಭಾಷಣ, ಸಮೂಹಗಾನ, ಎನ್‌ಸಿಸಿ ಎಂದು ಎಲ್ಲಕ್ಕೂ ಹೆಸರು ಕೊಟ್ಟರೆ ಓದು ಕೈಮೀರುವುದು ನಿಜ. ಆದರೆ ಮನಸ್ಸಿಗೆ ಹತ್ತಿರವಾದ ಒಂದನ್ನು ಉಳಿಸಿಕೊಂಡು ಚೆನ್ನಾಗಿ ಓದಲು ಖಂಡಿತ ಸಾಧ್ಯವಿದೆ.

ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಜೂನ್ ತಿಂಗಳಲ್ಲಿಯೇ ದೈಹಿಕ ಶಿಕ್ಷಕರೊಂದಿಗೂ ತರಗತಿ ಶಿಕ್ಷಕರೊಂದಿಗೂ ಕುಳಿತು ನಿರ್ಧರಿಸಿ. ಪ್ರತಿಭಾ ಕಾರಂಜಿಯ ಸ್ಪರ್ಧೆಗಳು ಕ್ಲಸ್ಟರ್ ಹಂತದಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರುತ್ತ ಹೋಗುತ್ತವೆ. ಗೆದ್ದಂತೆಲ್ಲ ಅಭ್ಯಾಸದ ಹೊತ್ತೂ ಪ್ರಯಾಣವೂ ಹೆಚ್ಚುತ್ತವೆ. ಮೊಳಕಾಲ್ಮೂರಿನ ಮಗು ಚಿತ್ರದುರ್ಗದಲ್ಲಿ ನಡೆಯುವ ಸ್ಪರ್ಧೆಗೆ ಬಂದು ಹೋಗುವಷ್ಟರಲ್ಲಿ ಒಂದು ದಿನ ಪೂರ್ತಿ ಕಳೆದಿರುತ್ತದೆ. ಎರಡು ವಿಭಾಗಗಳಲ್ಲಿ ಗೆದ್ದರೆ ಎಷ್ಟು ದಿನ ಪಾಠ ತಪ್ಪುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು.

ಇಲ್ಲಿ ಬಹಳ ಮಕ್ಕಳು ಎಡವುವುದು ಆಂತರಿಕ ಅಂಕಗಳಲ್ಲಿ. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಈ ನೂರರಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತು ವರ್ಷವಿಡೀ ನಡೆಯುವ ಕಿರು ಪರೀಕ್ಷೆ ಮತ್ತು ಚಟುವಟಿಕೆಗಳಿಂದ ಬರುವುದರಿಂದ, ಕ್ರೀಡಾಕೂಟದ ದಿನ ತಪ್ಪಿದ ಯೋಜನಾ ಕಾರ್ಯವನ್ನು ಫೆಬ್ರವರಿಯಲ್ಲಿ ಕುಳಿತು ತುಂಬಿಸಿಕೊಳ್ಳಲಾಗದು. ಹೋಗುವ ಮುನ್ನಾ ದಿನವೇ ಆಯಾ ವಿಷಯದ ಶಿಕ್ಷಕರನ್ನು ಕಂಡು, ಯಾವ ಪಾಠ ನಡೆಯುತ್ತದೆ, ಏನನ್ನು ಯಾವಾಗ ಒಪ್ಪಿಸಬೇಕು ಎಂದು ಕೇಳಿ ಬರೆದುಕೊಳ್ಳಿ. ಹಿಂದಿರುಗಿದ ಮೇಲೆ ಗೆಳೆಯರ ಟಿಪ್ಪಣಿಯನ್ನು ಫೋಟೊ ತೆಗೆದುಕೊಂಡು ಸುಮ್ಮನಾಗಬೇಡಿ, ಎರಡು ದಿನಗಳೊಳಗೆ ಕೈಯಿಂದ ಬರೆಯಿರಿ. ಬರೆಯುವಾಗ ಅರ್ಥವಾಗದ ಜಾಗ ತಾನೇ ಕಾಣಿಸುತ್ತದೆ.

ಸಂಜೆ ಅಂಕಣದಿಂದ ಬಂದ ದೇಹಕ್ಕೆ ವರ್ಗ ಸಮೀಕರಣ ಹತ್ತುವುದಿಲ್ಲ. ಆದ್ದರಿಂದ ಗಣಿತವನ್ನೂ ವಿಜ್ಞಾನದ ಕಿರಣ ರೇಖಾಚಿತ್ರಗಳನ್ನೂ ಬೆಳಗಿನ ಒಂದು ಗಂಟೆಗೆ ಇಟ್ಟುಕೊಂಡು, ಸಂಜೆ ಊಟಕ್ಕೆ ಮೊದಲು ಭಾಷೆ ಮತ್ತು ಸಮಾಜ ವಿಜ್ಞಾನವನ್ನು ಓದಬಹುದು. ಕಂಠಪಾಠದ ಪದ್ಯಗಳಿಗೆ ಬಸ್ಸಿನ ಪ್ರಯಾಣವೇ ಸಾಕು. ನಿದ್ದೆಯನ್ನು ಮಾತ್ರ ಕಡಿಮೆ ಮಾಡಬೇಡಿ: ಎಂಟು ಗಂಟೆ ಮಲಗದ ಹುಡುಗಿ ಅಂಕಣದಲ್ಲೂ ಸೋಲುತ್ತಾಳೆ, ತರಗತಿಯಲ್ಲೂ ತೂಕಡಿಸುತ್ತಾಳೆ.

ಪೋಷಕರಲ್ಲಿ ಒಂದು ವಿನಂತಿ. ಕಿರು ಪರೀಕ್ಷೆಯಲ್ಲಿ ಅಂಕ ಇಳಿದ ಕೂಡಲೇ ಆಟವನ್ನು ಶಿಕ್ಷೆಯಾಗಿ ಕಸಿದುಕೊಳ್ಳಬೇಡಿ. ಯಾವ ವಿಷಯ, ಯಾವ ಪಾಠ ಎಂದು ಮೊದಲು ನೋಡಿ. ಒಂದೇ ವಿಷಯದಲ್ಲಿ ಇಳಿದಿದ್ದರೆ ಆ ಶಿಕ್ಷಕರ ವಿಶೇಷ ತರಗತಿ ಸಾಕಾಗಬಹುದು. ಎರಡು ಪರೀಕ್ಷೆಗಳಲ್ಲಿ ಎಲ್ಲ ವಿಷಯಗಳೂ ಇಳಿದಿದ್ದರೆ ಅಭ್ಯಾಸದ ದಿನಗಳನ್ನು ವಾರಕ್ಕೆ ಐದರಿಂದ ಮೂರಕ್ಕೆ ತನ್ನಿ.

ಜನವರಿಯಿಂದ ಲೆಕ್ಕ ಬದಲಾಗಬೇಕು. ಪೂರ್ವಸಿದ್ಧತಾ ಪರೀಕ್ಷೆಗಳ ಹೊತ್ತಿಗೆ ಸ್ಪರ್ಧೆಗಳನ್ನು ನಿಲ್ಲಿಸಿ, ದಿನಕ್ಕೆ ಅರ್ಧ ಗಂಟೆ ಓಟವನ್ನೋ ಹಾಡನ್ನೋ ಮಾತ್ರ ಉಳಿಸಿಕೊಳ್ಳಿ. ಶಿಕ್ಷಕರು ತಂಡಕ್ಕೆ ಕರೆದರೆ, ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಬರುತ್ತೇನೆಂದು ಗೌರವದಿಂದ ಹೇಳಿ, ದಿನಾಂಕವನ್ನೂ ತಿಳಿಸಿ.